ಒಂದು ಹೊಳೆ, ಎರಡು ಜಿಲ್ಲೆ: ದೇವಣಗಾಂವದ ನೆರೆ ಮಾಹಿತಿಯಲ್ಲಿ ಸಂದರ್ಭಪ್ರಜ್ಞೆಯ ಪ್ರಶ್ನೆ

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಹರಿದಾಗ ಕೇಂದ್ರ ಜಲ ಆಯೋಗದ ಪ್ರಕಟಣೆಗಳಲ್ಲಿ ದೇವಣಗಾಂವ ಸೇತುವೆಯ ಮಾಪನ ಕೇಂದ್ರ ಕಲಬುರಗಿ ಜಿಲ್ಲೆಯ ಹೆಸರಿನಡಿ ಕಾಣಿಸಿತು. ಊರಿರುವುದು ವಿಜಯಪುರ ಜಿಲ್ಲೆಯ ದಂಡೆಗೆ. ಆಚೆಯ ದಂಡೆ ಕಲಬುರಗಿಯ ಅಫಜಲಪುರ ತಾಲ್ಲೂಕು. ಪ್ರಕಟಣೆ ಓದುವ ಅಧಿಕಾರಿ ಇದನ್ನು ಸರಿಪಡಿಸಿಕೊಂಡಾನು. ಜಿಲ್ಲೆಯ ಹೆಸರು ನೋಡಿ ಎಚ್ಚರಿಕೆ ಹಂಚುವ ತಂತ್ರಾಂಶ ಮಾತ್ರ ಊರನ್ನೇ ಬಿಟ್ಟು ಮುಂದೆ ಹೋಗುತ್ತದೆ.

ಆ ತಂತ್ರಾಂಶಕ್ಕೆ ಇಲ್ಲದ್ದು ಸಂದರ್ಭಪ್ರಜ್ಞೆ, ಅಂದರೆ ಬಳಸುವವರ ಸ್ಥಿತಿ ಅರಿತು ನಡೆಯುವ ಗುಣ. ಕಂಪ್ಯೂಟರು ನಿತ್ಯಬಳಕೆಯ ವಸ್ತುಗಳಲ್ಲಿ ಬೆರೆತುಹೋಗುವ ಕಾಲವನ್ನು ಮಾರ್ಕ್ ವೈಸರ್ 1991ರಲ್ಲೇ ಊಹಿಸಿದ್ದರು. ಸಂದರ್ಭವೆಂದರೆ ವ್ಯಕ್ತಿ, ಸ್ಥಳ, ವಸ್ತುಗಳ ಸ್ಥಿತಿ ತಿಳಿಸುವ ಮಾಹಿತಿ ಎಂದು ಅನಿಂದ್ ಡೇ 2001ರಲ್ಲಿ ವಿವರಿಸಿದರು. ಭೀಮಾ ದಂಡೆಯಲ್ಲಿ ಆ ಸ್ಥಿತಿ ಬಹುಮಟ್ಟಿಗೆ ಪಂಪ್‌ಸೆಟ್ಟಿನದು. ಕಬ್ಬಿಗೆ ನೀರೆತ್ತುವ ಮೋಟಾರನ್ನು ಹೊಳೆ ಏರುವ ಮೊದಲೇ ಬಿಚ್ಚಿ ಮೇಲೆ ಸಾಗಿಸಬೇಕು. ಅಪಾಯದ ಮಟ್ಟ ಮುಟ್ಟಿತೆಂಬ ಸಂದೇಶ ಬರುವ ಹೊತ್ತಿಗೆ ಅದಕ್ಕಿಂತ ಕೆಳಗಿರುವ ಮೋಟಾರು ಮುಳುಗಿ ಎಷ್ಟೋ ತಾಸಾಗಿರುತ್ತದೆ.

ಇಲ್ಲಿ ಕೊರತೆ ವೇಗದ್ದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಆಯೋಗದ ಟೆಲಿಮೆಟ್ರಿ ಉಪಗ್ರಹದ ಮೂಲಕ ತಾಸಿಗೊಮ್ಮೆ. ಮಹಾರಾಷ್ಟ್ರಕ್ಕೆ ಕೃಷ್ಣಾ-ಭೀಮಾ ಕೊಳ್ಳದ ತನ್ನದೇ ವ್ಯವಸ್ಥೆಯಿದೆ. ಅಲ್ಲಿನ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಇಲ್ಲಿಗೆ ಬರಲು ಹಿಡಿಯುವ ಕಾಲದ ಮುಂದೆ ಒಂದು ತಾಸು ದೊಡ್ಡದಲ್ಲ. ವ್ಯವಸ್ಥೆಗಳನ್ನು ಬೆಸೆಯುವ ಮಿಡಲ್‌ವೇರ್‌ ತಂತ್ರಾಂಶಗಳನ್ನು ಮಿಲಿಸೆಕೆಂಡುಗಳಲ್ಲಿ ತೂಗುವ ಪ್ರಬಂಧಗಳು ಇಲ್ಲಿನ ರೈತನಿಗೆ ಏನನ್ನೂ ಹೇಳುವುದಿಲ್ಲ.

ತೊಡಕಿರುವುದು ಈ ವ್ಯವಸ್ಥೆಗಳನ್ನು ಕೂಡಿಸುವಲ್ಲಿ. ಹರಿವನ್ನು ಒಬ್ಬರು ಕ್ಯೂಸೆಕ್‌ನಲ್ಲಿ ಬರೆದರೆ ಇನ್ನೊಬ್ಬರು ಕ್ಯುಮೆಕ್‌ನಲ್ಲಿ. 1 ಕ್ಯುಮೆಕ್ ಸುಮಾರು 35.3 ಕ್ಯೂಸೆಕ್. ಗ್ರೀನಿಚ್ ಕಾಲಮಾನದ ನಮೂದನ್ನು ಭಾರತೀಯ ವೇಳೆಯೆಂದು ಓದಿದರೆ ಈಗಷ್ಟೇ ಬಂದ ಅಳತೆಯೂ 5 ತಾಸು 30 ನಿಮಿಷ ಹಳತಾಗಿ ತೋರುತ್ತದೆ. ಹಳೆಯ ಅಳತೆಯನ್ನು ಕೈಬಿಡುವ ನಿಯಮವಿದ್ದರೆ ಅದು ಕಸದ ಬುಟ್ಟಿಗೆ. ಏಕಮಾನ, ವೇಳೆ, ಸ್ಥಳಗಳನ್ನು ಅಳತೆಯ ಜತೆಗೇ ಒಯ್ಯುವ ಮಾನಕಗಳು ಆಗಲೇ ಇವೆ: ವಾಟರ್‌ಎಂಎಲ್ 2.0 ಬಂದದ್ದು 2012ರಲ್ಲಿ, ಸೆನ್ಸರ್‌ಥಿಂಗ್ಸ್ 2016ರಲ್ಲಿ. ದೇಶದ ವಿಪತ್ತು ಎಚ್ಚರಿಕೆಯ 'ಸಚೇತ್' ವೇದಿಕೆ ಬಳಸುವ ಕಾಮನ್ ಅಲರ್ಟಿಂಗ್ ಪ್ರೋಟೊಕಾಲ್‌ನಲ್ಲಂತೂ ಜಿಲ್ಲೆಯ ಹೆಸರಿನ ಬದಲು ನಕ್ಷೆಯ ಮೇಲೆ ಬಹುಭುಜ ಎಳೆಯಲು ಬರುತ್ತದೆ. ಎರಡೂ ದಂಡೆಗಳನ್ನು ಒಳಗೊಂಡು ಎಳೆದರೆ ಗಡಿಯ ಗೊಡವೆ ಇಲ್ಲ.

ಹೊಳೆ ಎಷ್ಟು ಏರಿದರೆ ಯಾವ ಮೋಟಾರು ಮುಳುಗುತ್ತದೆಂದು ಹೇಳಲು ಅದು ಇರುವ ಎತ್ತರವೂ ಗೊತ್ತಿರಬೇಕು. ಈ ಪ್ರಶ್ನೆ ಅಷ್ಟು ಸುಲಭದ್ದಲ್ಲ. ವಿದ್ಯುತ್ ಸಂಪರ್ಕದ ಆರ್‌.ಆರ್‌. ನಂಬರು ಪಂಪ್‌ಸೆಟ್ಟನ್ನು ಗುರುತಿಸುತ್ತದೆ, ಎತ್ತರ ಹೇಳುವುದಿಲ್ಲ. ಮೇಲಾಗಿ ವಿದ್ಯುತ್ ಕಂಪನಿಯೂ ಬೇರೆ ಬೇರೆ: ಈ ದಂಡೆ ಹೆಸ್ಕಾಂನದು, ಆ ದಂಡೆ ಜೆಸ್ಕಾಂನದು. ಎರಡೂ ಕಂಪನಿಗಳ ಪಂಪ್‌ಸೆಟ್ ದಾಖಲೆಗೆ ಎತ್ತರದ ಒಂದು ಅಂಕಣ ಸೇರಿಸಬೇಕೆಂಬುದು ನನ್ನ ಸೂಚನೆ. ಸೇತುವೆಗಿಂತ ಮೇಲ್ಭಾಗದಲ್ಲಿರುವ ಮೋಟಾರಿಗೆ ಸೇತುವೆಯ ಮಟ್ಟವನ್ನೇ ಹಚ್ಚಲು ಬಾರದು, ಹೊಳೆಯ ಇಳಿಜಾರನ್ನೂ ಕೂಡಿಸಬೇಕು. ಅಷ್ಟು ಲೆಕ್ಕಕ್ಕೆ ಸರ್ವರ್ ಬೇಕಿಲ್ಲ, ರೈತನ ಮೊಬೈಲೇ ಸಾಕು. ಮಳೆಗೆ ನೆಟ್‌ವರ್ಕ್ ಹೋದರೂ ಕೊನೆಯ ಅಳತೆ ಅದರಲ್ಲಿ ಉಳಿದಿರುತ್ತದೆ.