ಚಾಲಕನಿಗೆ ಕಾಣದ ಕೆಂಪು ದೀಪ

ಕಾರಿನ ದೀಪಗಳ ಪೈಕಿ ಚಾಲಕನ ಕಣ್ಣಿಗೆ ಬೀಳದಿರುವುದು ಹಿಂಬದಿಯ ಕೆಂಪು ದೀಪ. ಅದು ಆರಿಹೋದದ್ದು ಅವನಿಗೆ ತಿಳಿಯಬೇಕಾದರೆ ಹಿಂದೆ ಬರುವವರು ಹೇಳಬೇಕು, ಇಲ್ಲವೇ ಬಂದು ಗುದ್ದಬೇಕು!

ಆರಂಭದ ಕಾರುಗಳಿಗೆ ಹಿಂಬದಿಯಲ್ಲಿ ಇದ್ದದ್ದು ಸೀಮೆಎಣ್ಣೆ ದೀಪ. ಕೆಟ್ಟರೆ ದುರಸ್ತಿಯೂ ಸುಲಭ: ಬತ್ತಿ ಕತ್ತರಿಸಿ, ಎಣ್ಣೆ ತುಂಬಿ, ಗಾಜು ಒರೆಸಿದರೆ ಮುಗಿಯಿತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ ಸ್ಟಾರ್ಟರ್ ಮತ್ತು ವಿದ್ಯುದ್ದೀಪಗಳು ಒಟ್ಟಿಗೇ ಬಂದವು. 1914ರ ಸುಮಾರಿಗೆ ಹಾಲಿವುಡ್ಡಿನ ಮೂಕಿ ಚಿತ್ರಗಳ ತಾರೆ ಫ್ಲಾರೆನ್ಸ್ ಲಾರೆನ್ಸ್, ಬ್ರೇಕ್ ತುಳಿದೊಡನೆ ಕಾರಿನ ಹಿಂದೆ 'ನಿಲ್ಲಿ' ಎಂಬ ಫಲಕ ಮೇಲೇಳುವ ಉಪಾಯ ಹೂಡಿದರು. ಪೇಟೆಂಟ್ ಪಡೆಯಲಿಲ್ಲ; ಹಣವೂ ಬರಲಿಲ್ಲ.

ವಿದ್ಯುತ್ ಬಂದ ಮೇಲೆ ತಯಾರಕರು ತಾಮ್ರ ಉಳಿಸಲು ಒಂದು ಜಾಣತನ ಮಾಡಿದರು. ದೀಪಕ್ಕೆ ಹೋಗುವ ತಂತಿ ಒಂದೇ; ವಿದ್ಯುತ್ ಬ್ಯಾಟರಿಗೆ ಮರಳುವುದು ಕಾರಿನ ಕಬ್ಬಿಣದ ಮೈಯ ಮೂಲಕ. ಮೆಕ್ಯಾನಿಕ್‌ಗಳು 'ಅರ್ಥ್' ಎನ್ನುವುದು ಇದನ್ನೇ. ಮಳೆನೀರು ಸೇರಿ ತುಕ್ಕು ಹಿಡಿದೊಡನೆ ಆ ಮರುದಾರಿ ಕಡಿದುಹೋಗುತ್ತದೆ. ಬರ್ಮಿಂಗ್‌ಹ್ಯಾಮ್‌ನ ಲ್ಯೂಕಾಸ್ ಕಂಪೆನಿ ತನ್ನ ದೀಪಕ್ಕೆ 'ರಸ್ತೆಯ ರಾಜ' ಎಂಬ ಹೆಸರಿಟ್ಟಿದ್ದರೆ, ಬ್ರಿಟಿಷ್ ಕಾರುಗಳ ಮಾಲೀಕರು ತಮಾಷೆಗೆ ಅದರ ಸಂಸ್ಥಾಪಕನನ್ನು 'ಕತ್ತಲೆಯ ರಾಜಕುಮಾರ' ಎಂದು ಕರೆದರು. ದೋಷವೆಲ್ಲ ಕಂಪೆನಿಯದೇ ಎನ್ನುವುದು ನ್ಯಾಯವಲ್ಲ. ತುಕ್ಕಿನ ಪಾಲೂ ಉಂಟು.

ಹಿಂದಿನ ಬಲ್ಬಿನಲ್ಲಿ ಸಾಮಾನ್ಯವಾಗಿ ಎರಡು ಎಳೆಗಳಿರುತ್ತವೆ: ರಾತ್ರಿಯ ದೀಪಕ್ಕೆ 5 ವಾಟಿನದು, ಬ್ರೇಕಿಗೆ 21 ವಾಟಿನದು. ಎರಡಕ್ಕೂ ಅರ್ಥ್ ಒಂದೇ. ಅದು ಕೆಟ್ಟಾಗ ಬ್ರೇಕಿನ ವಿದ್ಯುತ್ ಪಕ್ಕದ ಎಳೆಯಲ್ಲಿ ನುಸುಳಿ, ಬೇರೆ ದೀಪಗಳ ಮೂಲಕ ದಾರಿ ಹುಡುಕುತ್ತದೆ. ಬ್ರೇಕ್ ತುಳಿದರೆ ಒಂದು ಬದಿಯ ದೀಪ ಮಂಕಾಗಿ ಮಿಣುಕುವುದು ಇದರಿಂದಲೇ. ಆಗ ಎಷ್ಟು ಬಲ್ಬ್ ಬದಲಿಸಿದರೂ ದುಡ್ಡು ದಂಡ. ಹೋಲ್ಡರಿನ ಅರ್ಥ್ ಭಾಗದಿಂದ ಬಣ್ಣ ಕೆರೆದ ಲೋಹಕ್ಕೆ ತುಂಡು ತಂತಿ ಮುಟ್ಟಿಸಿದಾಗ ದೀಪ ಸರಿಯಾಗಿ ಉರಿದರೆ ಕಳ್ಳ ಸಿಕ್ಕಿದಂತೆ. ಎರಡೂ ಬದಿಯ ರಾತ್ರಿದೀಪ ಒಮ್ಮೆಲೇ ಹೋಗಿದ್ದರೆ ಮೊದಲು ಫ್ಯೂಸ್, ಬ್ರೇಕ್ ದೀಪಗಳಷ್ಟೇ ಹೋಗಿದ್ದರೆ ಫ್ಯೂಸಿನ ಜತೆಗೆ ಪೆಡಲಿನ ಸ್ವಿಚ್ಚನ್ನೂ ನೋಡಬೇಕು.

1974ರಲ್ಲಿ ಜಾನ್ ವೊವೊಡ್‌ಸ್ಕಿ ಎಂಬ ಮನಃಶಾಸ್ತ್ರಜ್ಞ ಸ್ಯಾನ್‌ಫ್ರಾನ್ಸಿಸ್ಕೋದ 343 ಟ್ಯಾಕ್ಸಿಗಳಿಗೆ ಮೂರನೆಯ ಬ್ರೇಕ್ ದೀಪ ಹಾಕಿಸಿದಾಗ ಹಿಂದಿನಿಂದ ಗುದ್ದುವ ಅಪಘಾತಗಳು ಸುಮಾರು ಶೇ 60ರಷ್ಟು ಇಳಿದವು. 1986ರ ಮಾದರಿಯಿಂದ ಅಮೆರಿಕ ಇದನ್ನು ಕಾರುಗಳಿಗೆ ಕಡ್ಡಾಯ ಮಾಡಿತು. ಎಲ್ಲ ಕಾರಿಗೂ ಬಂದು ಕಣ್ಣಿಗೆ ರೂಢಿಯಾದ ಮೇಲೆ ಉಳಿದ ಲಾಭ ಶೇ 4.3 ಮಾತ್ರ.

ಈಚಿನ ಹಲವು ಕಾರುಗಳಲ್ಲಿ ಬಲ್ಬ್ ಹೋದರೆ ಚಾಲಕನ ಮುಂದೆಯೇ ಸೂಚನೆ ಮೂಡುತ್ತದೆ. ಆದರೆ ಹಳೆಯ ಹೋಲ್ಡರಿಗೆ ಎಲ್ಇಡಿ ಬಲ್ಬ್ ಸಿಕ್ಕಿಸಿದರೆ, ಅದು ಎಳೆಯುವ ವಿದ್ಯುತ್ ತೀರ ಕಡಿಮೆಯಾದ್ದರಿಂದ, ಉರಿಯುತ್ತಿರುವ ದೀಪವನ್ನೂ ಸತ್ತಿದೆಯೆಂದು ಆ ಸೂಚನೆ ಸಾರುವುದುಂಟು.