ದೇವಿಕಾ ರಾಣಿ: ಒಂದು ದೃಶ್ಯದ ನೆರಳಿಗೆ ಸರಿದ ಬದುಕು

ಬೆಂಗಳೂರಿನಿಂದ ಕನಕಪುರದ ಕಡೆಗೆ ಹೋಗುವ ರಸ್ತೆಯಲ್ಲಿ ತಾತಗುಣಿ ಎಸ್ಟೇಟ್ ಇದೆ. 468 ಎಕರೆಯ ಈ ತೋಟ ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಹೆಚ್ಚಾಗಿ ಆಸ್ತಿ ವ್ಯಾಜ್ಯದಿಂದ. ಅದರ ಒಡತಿಯಾಗಿದ್ದ ದೇವಿಕಾ ರಾಣಿಯವರ ಹೆಸರು ಬಂದಾಗ ಬಹಳ ಜನರಿಗೆ ನೆನಪಾಗುವುದು 1933ರ ಚಿತ್ರವೊಂದರ ಚುಂಬನದ ದೃಶ್ಯ. ಈ ಎರಡು ಸುದ್ದಿಗಳ ನಡುವೆ ಭಾರತೀಯ ಚಿತ್ರರಂಗದ ಒಂದು ದೊಡ್ಡ ಅಧ್ಯಾಯವನ್ನೇ ನಾವು ಮರೆತಿದ್ದೇವೆ.

ದೇವಿಕಾ ರಾಣಿ 1908ರಲ್ಲಿ ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ ಹುಟ್ಟಿದರು. ತಂದೆ ಮದ್ರಾಸ್ ಪ್ರಾಂತದ ಸರ್ಜನ್ ಜನರಲ್ ಆಗಿದ್ದವರು. ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಹೋದ ಆಕೆ ಅಲ್ಲಿ ಅಭಿನಯ ಮತ್ತು ಸಂಗೀತ ಕಲಿತರು, ಬಟ್ಟೆಗಳ ವಿನ್ಯಾಸವನ್ನೂ ಕಲಿತರು. 1929ರಲ್ಲಿ ನಿರ್ಮಾಪಕ ಹಿಮಾಂಶು ರಾಯ್ ಅವರನ್ನು ಮದುವೆಯಾದ ಮೇಲೆ ಜರ್ಮನಿಯ ಯೂಫಾ ಸ್ಟುಡಿಯೋದಲ್ಲಿ ತರಬೇತಿ ಪಡೆದರು. ಗೌರವಸ್ಥ ಮನೆತನದ ಹೆಣ್ಣುಮಕ್ಕಳು ಸಿನಿಮಾದತ್ತ ತಲೆ ಹಾಕಬಾರದು ಎಂದು ಸಮಾಜ ನಂಬಿದ್ದ ಕಾಲವದು.

1933ರಲ್ಲಿ 'ಕರ್ಮ' ಲಂಡನ್ನಿನಲ್ಲಿ ತೆರೆ ಕಂಡಿತು. ನಾಯಕ ಸ್ವತಃ ಹಿಮಾಂಶು ರಾಯ್. ಹಾವು ಕಚ್ಚಿ ಪ್ರಜ್ಞೆ ತಪ್ಪಿದ ರಾಜಕುಮಾರನನ್ನು ರಾಜಕುಮಾರಿ ಅಳುತ್ತಾ ಚುಂಬಿಸುವುದೇ ಆ ಪ್ರಸಿದ್ಧ ದೃಶ್ಯ. ಅದು ನಾಲ್ಕು ನಿಮಿಷಗಳ ಚುಂಬನ ಎಂದು ಇಂದಿಗೂ ಬರೆಯುತ್ತಾರೆ. ಚಿತ್ರ ನೋಡಿದವರಿಗೆ ಇದು ಉತ್ಪ್ರೇಕ್ಷೆ ಎಂದು ತಿಳಿಯುತ್ತದೆ. ಪ್ರಾಣ ಹೋಗುತ್ತಿರುವ ಪ್ರಿಯತಮನ ಬಳಿ ಕುಳಿತ ಹೆಣ್ಣಿನ ದುಃಖವನ್ನು ನಾವು ಬರೀ ಚಪಲದ ಕಥೆಯಾಗಿ ಮಾಡಿಕೊಂಡೆವು.

ಅದೇ 1933ರಲ್ಲಿ ಹಾಲಿವುಡ್‌ನ ಮೇ ವೆಸ್ಟ್ ತನ್ನ ಚುರುಕು ಮಾತಿನಿಂದ ಅಮೆರಿಕವನ್ನು ಕೆರಳಿಸಿದ್ದರು. ಅದಕ್ಕೂ ಮೊದಲು, 1927ರಲ್ಲಿ, ತಾನೇ ಬರೆದ ನಾಟಕಕ್ಕಾಗಿ ಆಕೆ ಜೈಲು ವಾಸ ಅನುಭವಿಸಿದ್ದರು. 1934ರಲ್ಲಿ ಅಲ್ಲಿಯ ಚಿತ್ರೋದ್ಯಮ ನೀತಿಸಂಹಿತೆಯನ್ನು ಬಿಗಿಗೊಳಿಸಿತು. ಆದರೆ ಮೇ ವೆಸ್ಟ್ ತನ್ನ ಸಂಭಾಷಣೆಯನ್ನು ತಾನೇ ಬರೆದ ಲೇಖಕಿ ಎಂಬುದನ್ನು ಅಲ್ಲಿಯ ಇತಿಹಾಸಕಾರರು ಮರೆಯಲಿಲ್ಲ. ದೇವಿಕಾ ರಾಣಿಯವರ ವಿಷಯದಲ್ಲಿ ನಮ್ಮ ಜನಪ್ರಿಯ ನೆನಪು ಅಷ್ಟು ಉದಾರವಾಗಿಲ್ಲ.

1934ರಲ್ಲಿ ಈ ದಂಪತಿ ಮುಂಬೈಯ ಮಲಾಡಿನಲ್ಲಿ ಬಾಂಬೆ ಟಾಕೀಸ್ ಕಟ್ಟಿದರು. ಅಲ್ಲಿ ಜರ್ಮನ್ ತಂತ್ರಜ್ಞರಿದ್ದರು, ಬಂಗಾಳಿ ಬರಹಗಾರರಿದ್ದರು, ಪಾರ್ಸಿ ಸಂಗೀತಗಾರ್ತಿಯೂ ಇದ್ದರು. ಖುರ್ಷಿದ್ ಎಂಬ ಆ ಸಂಗೀತಗಾರ್ತಿ ಸಿನಿಮಾ ಸೇರಿದ್ದಕ್ಕೆ ಅವರ ಸಮುದಾಯದಿಂದ ವಿರೋಧ ಬಂದಾಗ 'ಸರಸ್ವತಿ ದೇವಿ' ಎಂಬ ಹೆಸರಿನಲ್ಲಿ ಕೆಲಸ ಮಾಡಿದರು. ಹೆಣ್ಣಿನ ಪ್ರತಿಭೆಗೆ ಬೇಲಿ ಹಾಕುವುದರಲ್ಲಿ ಯಾವ ಸಮುದಾಯವೂ ಹಿಂದೆ ಬಿದ್ದಿರಲಿಲ್ಲ.

ಈ ನಡುವೆ 'ಜೀವನ್ ನಯ್ಯಾ' ಚಿತ್ರೀಕರಣದ ವೇಳೆ ದೇವಿಕಾ ರಾಣಿ ಸಹನಟ ನಜ್ಮುಲ್ ಹಸನ್ ಜೊತೆ ಕಲ್ಕತ್ತೆಗೆ ಹೋದರು. ಸಂಧಾನವಾಗಿ ಆಕೆ ಮರಳಿ ಬಂದರು, ನಜ್ಮುಲ್ ಹಸನ್ ಕೆಲಸ ಕಳೆದುಕೊಂಡರು. ಅವರ ಜಾಗಕ್ಕೆ ಬಂದವರು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಕುಮುದಲಾಲ್ ಗಂಗೂಲಿ, ಅಂದರೆ ಅಶೋಕ್ ಕುಮಾರ್. ನಾಯಕಿ ಇಲ್ಲದೆ ಸ್ಟುಡಿಯೋ ನಡೆಯದು, ನಾಯಕನನ್ನು ಬದಲಿಸಬಹುದು ಎಂಬುದು ಅಂದಿನ ಲೆಕ್ಕಾಚಾರ. ಮಾಲೀಕರ ಮನೆಯ ಜಗಳದಲ್ಲಿ ಕೂಲಿಯವನ ಅನ್ನ ಹೋಯಿತು ಎಂಬುದನ್ನೂ ನಾವು ಮರೆಯಬಾರದು.

ಅದೇ 1936ರಲ್ಲಿ ಬಂದ 'ಅಛೂತ್ ಕನ್ಯಾ' ಚಿತ್ರದಲ್ಲಿ ದೇವಿಕಾ ರಾಣಿ ಅಸ್ಪೃಶ್ಯಳೆನಿಸಿದ ಹುಡುಗಿ. ರೈಲ್ವೆ ಗೇಟು ಕಾಯುವವನ ಮಗಳಾದ ಈಕೆಗೂ ಬ್ರಾಹ್ಮಣ ಯುವಕನಿಗೂ ಇರುವ ಪ್ರೀತಿ ಮದುವೆಯಾಗಿ ಕೈಗೂಡುವುದಿಲ್ಲ. ನಿಜವಾದ ಪ್ರಚೋದನೆ ಎಲ್ಲಿತ್ತು? ಚುಂಬನದಲ್ಲೋ, ಜಾತಿಯ ಗೋಡೆಯನ್ನು ಸಾಮಾನ್ಯ ಪ್ರೇಕ್ಷಕರ ಮುಂದೆ ತಂದು ನಿಲ್ಲಿಸಿದ ಈ ಚಿತ್ರದಲ್ಲೋ?

1939ರಲ್ಲಿ ಯುದ್ಧ ಶುರುವಾದಾಗ ಜರ್ಮನ್ ತಂತ್ರಜ್ಞರನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಆಗ ಸ್ಟುಡಿಯೋದ ಹೊಣೆ ಹೊತ್ತವರು ದೇವಿಕಾ ರಾಣಿ. 1943ರ 'ಕಿಸ್ಮತ್' ಈ ಸಂಸ್ಥೆಯದೇ ಚಿತ್ರ. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮೀರಿ ಓಡಿತು. ಸಂಸ್ಥೆಯ ಒಳಜಗಳದಿಂದ ಅಶೋಕ್ ಕುಮಾರ್ ಮತ್ತು ಸಂಗಡಿಗರು ಹೊರಹೋದರು. ಆಗ ಪೇಶಾವರ ಮೂಲದ, ಹಣ್ಣಿನ ವ್ಯಾಪಾರಿಯೊಬ್ಬರ ಮಗ ಯೂಸುಫ್ ಖಾನ್ ಅವರನ್ನು ಗುರುತಿಸಿ, ತಿಂಗಳಿಗೆ 1,250 ರೂಪಾಯಿ ಸಂಬಳಕ್ಕೆ ನೇಮಿಸಿ, ಹೊಸ ಹೆಸರು ಕೊಟ್ಟವರು ಈಕೆಯೇ. 1944ರ 'ಜ್ವಾರ್ ಭಾಟಾ' ಮೂಲಕ ದಿಲೀಪ್ ಕುಮಾರ್ ತೆರೆಗೆ ಬಂದರು. ಮಗ ಸಿನಿಮಾ ಸೇರುವುದು ತಂದೆಗೆ ಹಿಡಿಸದೆಂಬ ಅಂಜಿಕೆ ಯೂಸುಫರಿಗಿತ್ತು, ಹೊಸ ಹೆಸರು ಅವರಿಗೆ ಮರೆಯಾಯಿತು. ಅಶೋಕ್ ಕುಮಾರ್ ಹೆಸರೂ ಹುಟ್ಟುಹೆಸರಲ್ಲವಾದ್ದರಿಂದ ಇದನ್ನು ಬರೀ ಧರ್ಮದ ಕಣ್ಣಿನಿಂದ ನೋಡಲಾಗದು. ಆದರೂ ಯೂಸುಫ್ ಖಾನ್ ಎಂಬ ಹೆಸರಿನಲ್ಲೇ ಅವರನ್ನು ನಾಡು ಅಷ್ಟೇ ಪ್ರೀತಿಸುತ್ತಿತ್ತೇ ಎಂಬ ಪ್ರಶ್ನೆ ನಮ್ಮಲ್ಲಿ ಉಳಿಯುತ್ತದೆ.

1945ರಲ್ಲಿ ದೇವಿಕಾ ರಾಣಿ ಚಿತ್ರರಂಗ ಬಿಟ್ಟು ರಷ್ಯನ್ ಚಿತ್ರಕಲಾವಿದ ಸ್ವೆತೋಸ್ಲಾವ್ ರೋರಿಕ್ ಅವರನ್ನು ಮದುವೆಯಾದರು. ಕೆಲಕಾಲದ ನಂತರ ಕನ್ನಡ ನಾಡು ಅವರ ಮನೆಯಾಯಿತು. ತಾತಗುಣಿಯಲ್ಲಿ ಸುಗಂಧದ ಎಣ್ಣೆ ಕೊಡುವ ಲಿನಾಲೂ ಮರಗಳನ್ನು ಬೆಳೆಸಿದರು. 1969ರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಆರಂಭವಾದಾಗ ಅದರ ಮೊದಲ ಗೌರವ ಸಂದದ್ದು ಆಕೆಗೇ. 1993ರಲ್ಲಿ ರೋರಿಕ್, 1994ರ ಮಾರ್ಚಿನಲ್ಲಿ ದೇವಿಕಾ ರಾಣಿ ಬೆಂಗಳೂರಿನಲ್ಲಿ ನಿಧನರಾದರು. ಮಕ್ಕಳಿರಲಿಲ್ಲ. ರಾಜ್ಯ ಸರಕಾರ 1996ರಲ್ಲಿ ಕಾಯಿದೆ ಮಾಡಿ ಎಸ್ಟೇಟನ್ನು ವಹಿಸಿಕೊಂಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಭೂಮಿಯ ಹಕ್ಕು ಯಾರದೆಂದು ನ್ಯಾಯಾಲಯ ತೀರ್ಮಾನಿಸಬಲ್ಲದು. ನೆನಪಿನ ನ್ಯಾಯವನ್ನು ಸಮಾಜವೇ ಮಾಡಬೇಕು. ಒಂದು ಸ್ಟುಡಿಯೋವನ್ನು ಮುನ್ನಡೆಸಿ, ಎಷ್ಟೋ ಪ್ರತಿಭೆಗಳಿಗೆ ದಾರಿ ತೋರಿದ ಹೆಣ್ಣನ್ನು ಒಂದು ಚುಂಬನದಿಂದ ಅಳೆಯುವುದಾದರೆ ಕಿರಿದಾಗುವುದು ಆಕೆಯಲ್ಲ, ನಮ್ಮ ಅಳತೆಗೋಲು.