ಹೆಚ್ಚು ಬಂದ ಪಗಾರ ಯಾರದು?

ತಿಂಗಳ ಸಂಬಳಕ್ಕೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಜನ ಇಂದಿಗೂ ‘ಪಗಾರ’ ಎನ್ನುತ್ತಾರೆ. ಹಣ ಸಲ್ಲಿಸು ಎಂಬ ಅರ್ಥದ ಪೋರ್ಚುಗೀಸ್ ಮಾತೊಂದು ಮರಾಠಿಯನ್ನು ಹಾದು ಈ ಸೀಮೆಗೆ ಬಂದು ನೆಲೆಸಿದೆ. ಅದಕ್ಕಿಂತ ಎಷ್ಟೋ ಹಳೆಯ ಇನ್ನೊಂದು ಮಾತು ಕನ್ನಡದಲ್ಲಿದೆ: ‘ಜೀತ’. ‘ಜೀವಿತ’ದಿಂದ ಬಂದ ಈ ಶಬ್ದಕ್ಕೆ ಹಿಂದೆ ಸಂಬಳ ಎಂದೇ ಅರ್ಥವಿತ್ತು. ಸಂಬಳದ ಹೆಸರು ಬಿಡುಗಡೆಯಿಲ್ಲದ ದುಡಿಮೆಯ ಹೆಸರಾದದ್ದು ಹೇಗೆ? ದುಡಿಯುವ ಮೊದಲೇ ಕೈಗೆ ಬಂದು ಮತ್ತೆಂದೂ ತೀರದೆ ಉಳಿದ ಹಣಕ್ಕೆ ಇದರಲ್ಲಿ ದೊಡ್ಡ ಪಾಲಿದೆ.

ಸಲ್ಲಬೇಕಾದ್ದಕ್ಕಿಂತ ಹೆಚ್ಚು ಹಣ ಕೆಲಸಗಾರನ ಕೈ ಸೇರುವುದು ಎರಡು ದಾರಿಯಿಂದ. ಒಂದು, ಕೇಳಿ ಪಡೆದ ಮುಂಗಡ. ಇನ್ನೊಂದು, ಕೊಡುವವರ ಲೆಕ್ಕದ ತಪ್ಪು. ಇವೆರಡನ್ನೂ ಕಾನೂನು ಬಹುಕಾಲ ಒಂದೇ ತಕ್ಕಡಿಯಲ್ಲಿ ತೂಗಿತು.

ಗಜೇಂದ್ರಗಡ ಕೈಮಗ್ಗದ ಸೀರೆಗೆ ಹೆಸರಾದ ಊರು. ಉತ್ತರ ಕರ್ನಾಟಕದ ನೇಕಾರಿಕೆಯ ಊರುಗಳಲ್ಲಿ ಬಹುಮಟ್ಟಿಗೆ ನಡೆದುಬಂದ ಪದ್ಧತಿ ಎಂದರೆ, ಸಾವಕಾರ ನೂಲು ಕೊಡುತ್ತಾನೆ. ನೇಕಾರ ನೇಯ್ದುಕೊಟ್ಟು ಸೀರೆಗಿಷ್ಟು ಎಂದು ಮಜೂರಿ ಪಡೆಯುತ್ತಾನೆ. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದಾಗ ಮುಂದಿನ ಮಜೂರಿಯ ಮೇಲೆ ಒಂದಿಷ್ಟು ಹಣ ಮೊದಲೇ ಎತ್ತುತ್ತಾನೆ. ಬ್ಯಾಂಕು ಕೊಡದ ಸಾಲವನ್ನು ಸಾವಕಾರ ಕೊಡುತ್ತಾನೆಂಬುದನ್ನು ಮರೆಯುವಂತಿಲ್ಲ. ಆದರೆ ಬೇರೆ ಸಾವಕಾರನ ಬಳಿ ಹೋಗಬೇಕಾದರೆ ಹಳೆಯ ಬಾಕಿ ಚುಕ್ತಾ ಆಗಬೇಕು. ಹೊಸ ಸಾವಕಾರನೇ ಆ ಬಾಕಿ ಕಟ್ಟಿ ನೇಕಾರನನ್ನು ಕರೆದುಕೊಳ್ಳುವುದೂ ಉಂಟು. ಆಗ ಸಾಲ ತೀರುವುದಿಲ್ಲ, ಅದು ಬರೆದಿರುವ ವಹಿ ಮಾತ್ರ ಬದಲಾಗುತ್ತದೆ.

ಹಣ ಪಡೆದು ಕೆಲಸ ಮಾಡದವನನ್ನು ಏನು ಮಾಡಬೇಕೆಂಬ ಪ್ರಶ್ನೆ ಕೌಟಿಲ್ಯನಷ್ಟು ಹಳೆಯದು. ವೇತನ ಪಡೆದೂ ಕೆಲಸ ಮಾಡದ ಆಳಿಗೆ 12 ಪಣ ದಂಡ, ಕೆಲಸ ಮುಗಿಸುವತನಕ ತಡೆದಿಡುವುದು ಎಂದು ಅರ್ಥಶಾಸ್ತ್ರ ವಿಧಿಸುತ್ತದೆ. ಆದರೆ ಕಾಯಿಲೆ, ಸಂಕಟ, ಅಶಕ್ತಿ ಇದ್ದವನಿಗೆ ರಿಯಾಯಿತಿ ಉಂಟು. ಬೇರೆಯವರಿಂದ ಮಾಡಿಸಿಕೊಟ್ಟರೂ ನಡೆಯುತ್ತದೆ.

ಬ್ರಿಟಿಷರ ಕಾನೂನಿನಲ್ಲಿ ಅಷ್ಟು ಔದಾರ್ಯ ಇರಲಿಲ್ಲ. ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು 1858ರ ಜೂನ್‌ನಲ್ಲಿ. ಅದರ ಮರುವರ್ಷ, 1859ರಲ್ಲಿ, ಕೆಲಸಗಾರರ ಕರಾರು ಭಂಗದ ಕಾಯ್ದೆ ಬಂತು. ಕಲ್ಕತ್ತದ ವ್ಯಾಪಾರಸ್ಥರ ಒತ್ತಾಯದಿಂದ ಹುಟ್ಟಿದ ಈ ಕಾಯ್ದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟವನು ಹಣ ಮರಳಿಸಬೇಕು, ಇಲ್ಲವೇ ಕೆಲಸ ಮುಗಿಸಬೇಕು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಿವಿಲ್ ದಾವೆಯಲ್ಲಿ ಮುಗಿಯಬೇಕಾದ ಬಾಕಿ ಹೀಗೆ ಅಪರಾಧವಾಯಿತು. ಕೆಲಸ ಮಾಡಿಸಿಕೊಂಡು ಮಜೂರಿ ಕೊಡದ ಧಣಿಗೆ ಮಾತ್ರ ಇದರಲ್ಲಿ ಜೈಲು ಇರಲಿಲ್ಲ. ಈ ಕಾಯ್ದೆಯನ್ನು ತೆಗೆದುಹಾಕುವ ತೀರ್ಮಾನ ಆದದ್ದು 1925ರಲ್ಲಿ.

ಮುಂದೆ ಬಂದದ್ದು 1936ರ ವೇತನ ಪಾವತಿ ಕಾಯ್ದೆ. ಆಗ ರೋಣ, ನರಗುಂದಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಸಂಬಳದಲ್ಲಿ ಯಾವ ಯಾವ ಕಾರಣಕ್ಕೆ ಮುರಿದುಕೊಳ್ಳಬಹುದು ಎಂದು ಈ ಕಾಯ್ದೆ ಪಟ್ಟಿ ಮಾಡಿತು. ಮುಂಗಡದ ವಸೂಲಿ, ತಪ್ಪಾಗಿ ಹೆಚ್ಚು ಕೊಟ್ಟ ಸಂಬಳದ ಹೊಂದಾಣಿಕೆ ಎರಡೂ ಒಂದೇ ಉಪವಿಧಿಯಲ್ಲಿ ಸೇರಿದವು. ಜೈಲು ಹೋಯಿತು, ಲೆಕ್ಕ ಉಳಿಯಿತು. ಆದರೆ ಕಾಯ್ದೆ ಮೊದಲು ಅನ್ವಯಿಸಿದ್ದು ಕಾರ್ಖಾನೆ ಮತ್ತು ರೈಲ್ವೆಗೆ. ಮನೆಯ ಕುಣಿಮಗ್ಗದಲ್ಲಿ ಕೂತವನಿಗಲ್ಲ.

ಇಲ್ಲಿಂದ ಕಥೆ ಸರ್ಕಾರಿ ನೌಕರನ ಕಡೆ ಹೊರಳುತ್ತದೆ. ತಪ್ಪಿನಿಂದ ಬಂದ ಹಣವನ್ನು ಪಡೆದವನು ಮರಳಿಸಬೇಕೆಂಬುದು 1872ರ ಕರಾರು ಕಾಯ್ದೆಯ 72ನೇ ಕಲಮಿನ ಮಾತು. ತತ್ವವಾಗಿ ಇದನ್ನು ಒಪ್ಪದವರು ಕಡಿಮೆ. ತೊಡಕು ಬರುವುದು ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಹೋದಾಗ. ಕೇಂದ್ರ ಸರ್ಕಾರದ ಕೆಲವು ಔಷಧ ವಿತರಕರಿಗೆ 1973ರಿಂದ ಮೇಲಿನ ವೇತನ ಶ್ರೇಣಿ ಸಿಗುತ್ತಿತ್ತು. 1984ರಲ್ಲಿ ಅದು ತಪ್ಪೆಂದು ಹೇಳಿ, 1973ರಿಂದಲೇ ಜಾರಿಯಾಗುವಂತೆ ಶ್ರೇಣಿಯನ್ನು ಇಳಿಸಲಾಯಿತು. ಹನ್ನೊಂದು ವರ್ಷ ಸಂಸಾರಕ್ಕೆ ಖರ್ಚಾದ ಹಣ ಅದು! ಶ್ಯಾಂಬಾಬು ವರ್ಮಾ ಪ್ರಕರಣ ಎಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಶ್ರೇಣಿಯ ಇಳಿಕೆಯನ್ನು ಒಪ್ಪಿತು, ವಸೂಲಿಯನ್ನು ಒಪ್ಪಲಿಲ್ಲ. ಹೆಚ್ಚು ಸಂಬಳ ಬಂದದ್ದರಲ್ಲಿ ನೌಕರರ ತಪ್ಪಿಲ್ಲ ಎಂಬುದು ಅದರ ಕಾರಣ.

ಎಲ್ಲ ಪೀಠಗಳೂ ಹೀಗೆ ಕಾಣಲಿಲ್ಲ. ಹೀಗೆ ಸಂದ ಹಣ ತೆರಿಗೆದಾರರದು, ಅದು ನೌಕರನಿಗೂ ಸೇರಿದ್ದಲ್ಲ, ಕೊಟ್ಟ ಅಧಿಕಾರಿಗೂ ಸೇರಿದ್ದಲ್ಲ ಎಂದು 2012ರ ಚಂಡಿಪ್ರಸಾದ್ ಉನಿಯಾಲ್ ತೀರ್ಪು ಹೇಳಿತು. ಈ ವಾದವನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಒಂದು ಹಂತಕ್ಕೆ ಗೆರೆ ಎಳೆದದ್ದು 2014ರ ಡಿಸೆಂಬರ್ 18ರ ರಫೀಕ್ ಮಸೀಹ್ ತೀರ್ಪು. ‘ಸಿ’ ಮತ್ತು ‘ಡಿ’ ಗುಂಪಿನ ನೌಕರರಿಂದ, ನಿವೃತ್ತರಾದವರಿಂದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಹೆಚ್ಚುವರಿ ಸಂಬಳ ವಸೂಲಿ ಮಾಡಬಾರದು. ಐದು ವರ್ಷ ಮೀರಿ ಹೆಚ್ಚು ಪಾವತಿ ನಡೆದಿದ್ದರೂ, ಮೇಲಿನ ಹುದ್ದೆಯ ಕೆಲಸವನ್ನು ತಪ್ಪಾಗಿ ಮಾಡಿಸಿ ಅದರ ಸಂಬಳ ಕೊಟ್ಟಿದ್ದರೂ ಕೇಳಬಾರದು. ವಸೂಲಿ ತೀರಾ ಕ್ರೂರವೆನಿಸುವ ಇತರ ಸಂದರ್ಭಗಳನ್ನೂ ನ್ಯಾಯಾಲಯ ಸೇರಿಸಿತು. ಸಣ್ಣ ನೌಕರನಿಂದ ಕಿತ್ತುಕೊಂಡಾಗ ಆಗುವ ಕಷ್ಟ, ಸರ್ಕಾರಕ್ಕೆ ಆಗುವ ನಷ್ಟಕ್ಕಿಂತ ಭಾರವೇ ಎಂಬುದು ಇಲ್ಲಿನ ಅಳತೆ.

ಇದಕ್ಕೂ ಒಂದು ಕೊಂಡಿ ಇದೆ. ‘ಹೆಚ್ಚು ಬಂದರೆ ಮರಳಿಸುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟವರು ಅದಕ್ಕೆ ಬದ್ಧರು ಎಂದು 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ ತೀರ್ಪಾಯಿತು. ಅಲ್ಲಿ ಹಣ ಕೊಡಬೇಕಾದವರು ಒಬ್ಬ ನ್ಯಾಯಾಂಗ ಅಧಿಕಾರಿ. ಅವರಿಗೂ ಕಂತುಗಳ ಅವಕಾಶ ಸಿಕ್ಕಿತು. ವೇತನ ಪರಿಷ್ಕರಣೆ ಹೊತ್ತಿನಲ್ಲಿ ಇಂಥ ಕಾಗದಕ್ಕೆ ಓದದೆ ಸಹಿ ಹಾಕುವವರು ಎಷ್ಟು ಮಂದಿಯೋ.

ಖಾಸಗಿ ಕಂಪನಿ, ಅಂಗಡಿ, ಕಾರ್ಖಾನೆಯವರಿಗೆ ಈ ವಿನಾಯಿತಿ ನೇರವಾಗಿ ದಕ್ಕುವುದಿಲ್ಲ. ಖಾತೆಗೆ ಹೆಚ್ಚು ಹಣ ಬಂದದ್ದು ಕಂಡರೆ ಬರಹದಲ್ಲಿ ತಿಳಿಸಿ, ಲೆಕ್ಕದ ಪ್ರತಿ ಕೇಳಿ, ಕಂತು ಗೊತ್ತುಮಾಡಿಕೊಳ್ಳುವುದು ಜಾಣತನ. 1936ರ ಕಾಯ್ದೆಯ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಹೆಚ್ಚು ಕೊಟ್ಟದ್ದನ್ನು ಮುರಿದುಕೊಳ್ಳಲು ಅದೂ ಅವಕಾಶ ಕೊಡುತ್ತದೆ. ಆದರೆ ಎಲ್ಲ ಕಡಿತ ಸೇರಿ ಒಂದು ಅವಧಿಯ ಸಂಬಳದ ಅರ್ಧವನ್ನು ಮೀರುವಂತಿಲ್ಲ.

ಇನ್ನು ಮಗ್ಗದ ಮುಂದೆ ಕೂತವನ ಮಾತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಮುಂಗಡಕ್ಕಾಗಿ ಒತ್ತೆಯಾದ ದುಡಿಮೆಯನ್ನು ನಿಷೇಧಿಸಿ, ಆ ಸಾಲವನ್ನೇ ಅಳಿಸಿಹಾಕಿತು. ಆದರೆ ತನ್ನ ಮನೆಯಲ್ಲೇ ನೇಯ್ದು, ವಾರಕ್ಕೊಮ್ಮೆ ಮಜೂರಿ ಎಣಿಸಿಕೊಳ್ಳುವ ನೇಕಾರ ತನ್ನನ್ನು ಜೀತದಾಳು ಎಂದುಕೊಳ್ಳುವುದಿಲ್ಲ, ಸಾವಕಾರನೂ ಅನ್ನುವುದಿಲ್ಲ. ಅವನಿಗೆ ಸೇವಾ ಪುಸ್ತಕ ಇಲ್ಲ, ನಿವೃತ್ತಿಯ ದಿನಾಂಕವೂ ಇಲ್ಲ. ಅವನು ಎತ್ತಿದ ಮುಂಗಡಕ್ಕೆ ಇರುವ ದಾಖಲೆ ಸಾವಕಾರನ ವಹಿಯಲ್ಲಿನ ಒಂದು ಸಾಲು.